ಊರನ್ನು ಕೇಳಿ ಮಾಡಿದರೆ ಊರಿಗೆ ಸೇವೆ

(ಸಂಘದ ಬೆಳ್ಳಿ ಹಬ್ಬದ ವಿಚಾರಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿ ಹಬ್ಬಕ್ಕೆ ಯಾರು ಯಾವ ವಿಷಯ ಮಾತಾಡಬೇಕು ಅಂತ ಆಡಳಿತ ಮಂಡಳಿ ಸಭೆಯಲ್ಲಿ ಹಂಚಿದಾಗ, ಪಶು ಆಹಾರ ಒಬ್ಬರಿಗೆ ಹೋಯಿತು, ಕರುಗಳ ಸಾಕಣೆ ಇನ್ನೊಬ್ಬರಿಗೆ ಹೋಯಿತು. ನಮ್ಮ ಪಾಲಿಗೆ ಬಂದದ್ದು ಟೆಲಿಫೋನ್ ಕಂಪನಿ ಮತ್ತು ಸ್ಮಾರ್ಟ್ ಸಿಟಿ. "ನಾವು ಓದಿದ್ದು ಎಸ್.ಎಸ್.ಎಲ್.ಸಿ., ಮಾಡೋದು ಮೆಕ್ಕೆಜೋಳ ಮತ್ತು ಎರಡು ಹಸು. ಇದೆಲ್ಲ ನಮಗೆ ಹೆಂಗೆ ಗೊತ್ತಾಗ್ತದೆ ಅಧ್ಯಕ್ಷರೇ?" ಅಂದೆವು. "ದಿನಾ ಕೈಯಲ್ಲಿ ಹಿಡ್ಕೊಂಡೇ ಓಡಾಡ್ತೀರಲ್ಲ, ಅದರ ಬಗ್ಗೆನೇ ಮಾತಾಡ್ರಿ" ಅಂದರು. ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ನಮ್ಮ ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಳೆ. ರಜೆಗೆ ಬಂದಾಗ ಅವಳನ್ನು ಕೂರಿಸಿಕೊಂಡು ಕೇಳಿದೆವು. ಅವಳು ಹೇಳಿದ್ದು ಇಷ್ಟು: "ಅಪ್ಪಾ, ನಗರಕ್ಕೆ ಬೇಕಾದ ಸೇವೆ ಯಾವುದು ಅಂತ ಟೆಲಿಫೋನ್ ಕಂಪನಿಯವರು ತಾವೇ ಕೋಣೆಯಲ್ಲಿ ಕೂತು ತೀರ್ಮಾನ ಮಾಡೋ ಕಾಲ ಹೋಯ್ತು. ತಮ್ಮ ಹತ್ತಿರ ಇರೋ ಮಾಹಿತಿನ ಹೊರಗಿನವರ ಮುಂದೆ ಇಡ್ತಾರೆ. ಓದಿದವರು, ಓದ್ತಾ ಇರೋ ಹುಡುಗರು, ಊರಿನ ಜನ, ಯಾರಿಗೆ ಒಳ್ಳೆ ಯೋಚನೆ ಹೊಳೀತದೋ ಅವರು ಹೇಳಬಹುದು. ಒಳ್ಳೇದು ಕಂಡರೆ ಅದನ್ನೇ ಸೇವೆಯಾಗಿ ಮಾಡ್ತಾರೆ." ನಾವು ಕೇಳಿದೆವು, "ಇದಕ್ಕೆ ಇಷ್ಟು ದೊಡ್ಡ ಹೆಸರು ಯಾಕವ್ವ? ನಮ್ಮ ಸರ್ವಸದಸ್ಯರ ಸಭೆ ಅಂದ್ರೆ ಅದೇ ತಾನೆ?" ಅವಳು ನಕ್ಕು, "ಹೆಚ್ಚು ಕಡಿಮೆ ಅದೇ" ಅಂದಳು.

ಆ ಒಂದು ಮಾತಿನಿಂದ ನಮಗೆ ಧೈರ್ಯ ಬಂತು. ಆದ್ದರಿಂದ ಕಂಪನಿ ವಿಚಾರಕ್ಕೆ ಹೋಗುವ ಮೊದಲು ನಮ್ಮ ಸಂಘದಲ್ಲೇ ನಡೆದ ಒಂದು ಸಂಗತಿ ನೆನಪು ಮಾಡುತ್ತೇವೆ. ಇಲ್ಲಿ ಕೂತವರಲ್ಲಿ ಬಹಳ ಮಂದಿಗೆ ಅದು ಗೊತ್ತಿದೆ.

ನಮ್ಮ ಸೂರಗೊಂಡನಕೊಪ್ಪದಲ್ಲಿ ಸಂತ ಸೇವಾಲಾಲರ ಜಾತ್ರೆ ಫೆಬ್ರವರಿ ತಿಂಗಳಲ್ಲಿ ನಡೆಯುತ್ತದೆ. ಕರ್ನಾಟಕದಿಂದ ಮಾತ್ರ ಅಲ್ಲ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದಲೂ ಜನ ಭಾಯಗಡಕ್ಕೆ ಬರುತ್ತಾರೆ. ಮಾಲಾಧಾರಿಗಳು ನಡೆದುಕೊಂಡು ಬರುತ್ತಾರೆ. ಐದಾರು ವರ್ಷದ ಹಿಂದೆ ಜಾತ್ರೆಯ ದಿನ ನಮ್ಮ ಹಾಲಿನ ಗಾಡಿ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡಿತು. ಮುಂದೆ ಹೋಗುವ ಹಾಗಿಲ್ಲ, ಹಿಂದೆ ಬರುವ ಹಾಗಿಲ್ಲ. ಬಿಸಿಲು ಏರಿತು. ಅಷ್ಟೂ ಕ್ಯಾನಿನ ಹಾಲು ಒಡೆದು ಹೋಯಿತು. ಒಂದು ಹೊತ್ತಿನ ಹಾಲು ಅಂದರೆ ಪಟ್ಟಣದವರಿಗೆ ಸಣ್ಣದು ಅನ್ನಿಸಬಹುದು. ಒಂದೇ ಹಸು ಇಟ್ಟುಕೊಂಡು ಆ ದುಡ್ಡಿನಲ್ಲೇ ವಾರದ ಸಂತೆ ಮಾಡುವ ಮನೆಗೆ ಅದು ಸಣ್ಣದಲ್ಲ.

ಆ ವರ್ಷ ಸಭೆಯಲ್ಲಿ ಏನಾಯಿತು ಗೊತ್ತಲ್ಲ. ಒಬ್ಬರು ಡ್ರೈವರನ್ನು ಬೈದರು, ಒಬ್ಬರು ಕಾರ್ಯದರ್ಶಿಯನ್ನು ಬೈದರು, ಎಲ್ಲರೂ ಸೇರಿ ನಮ್ಮನ್ನು ಬೈದರು. ನಾವು ನಿರ್ದೇಶಕರು ಬೇರೆ ದಾರಿಯಲ್ಲಿ ಗಾಡಿ ತರಿಸುವುದು, ಪೊಲೀಸರಿಗೆ ಅರ್ಜಿ ಕೊಡುವುದು ಅಂತೆಲ್ಲ ಮಾತಾಡುತ್ತಿದ್ದೆವು. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ತಾಯಿ ಎದ್ದು ನಿಂತು, "ಜನ ಸೇರೋಕೆ ಮೊದಲೇ ಗಾಡಿ ಊರು ಬಿಟ್ಟರೆ ಆತಲ್ಲ. ನಾವು ಎರಡು ಗಂಟೆ ಮೊದಲೇ ಹಾಲು ಕರೀತೀವಿ" ಅಂದರು. ಹೊತ್ತಲ್ಲದ ಹೊತ್ತಲ್ಲಿ ಕರೆದರೆ ಹಸು ಹಾಲು ಎಳೆದುಕೊಳ್ಳುತ್ತದೆ ಅಂತ ನಾವು ತಕರಾರು ಮಾಡಿದೆವು. ಅದಕ್ಕೆ ಆ ತಾಯಿ, "ಒಂದೇ ದಿನಕ್ಕೆ ಮಾಡಿದ್ರೆ ಎಳ್ಕಂತದೆ. ಜಾತ್ರೆ ಎಂಟು ದಿನ ಇದೆ ಅನ್ನೋವಾಗಿಂದ ದಿನಕ್ಕೆ ಕಾಲು ಗಂಟೆ ಹಿಂದಕ್ಕೆ ತಂದ್ರೆ ಹಸುಗೆ ಗೊತ್ತೇ ಆಗಲ್ಲ" ಅಂದರು. ಮುಂದಿನ ವರ್ಷದಿಂದ ಹಾಗೇ ಮಾಡುತ್ತಿದ್ದೇವೆ. ಆಮೇಲೆ ಜಾತ್ರೆಯಲ್ಲಿ ಒಂದು ಕ್ಯಾನೂ ಒಡೆದಿಲ್ಲ.

ಗಾಡಿಯ ಲೆಕ್ಕ ಸಂಘಕ್ಕೆ ಗೊತ್ತಿತ್ತು. ಹಸುವಿನ ಲೆಕ್ಕ ಆ ತಾಯಿಗೆ ಗೊತ್ತಿತ್ತು. ಎರಡೂ ಒಂದೇ ಕೋಣೆಯಲ್ಲಿ ಕೂತಾಗ ದಾರಿ ಕಂಡಿತು. ಇವತ್ತು ನಾವು ಹೇಳಬೇಕು ಅಂತಿರುವುದು ಇದೇ. ಇನ್ನು ಟೆಲಿಫೋನಿಗೆ ಬರೋಣ.

ಟೆಲಿಫೋನು ಹಳ್ಳಿಗೆ ಬಂದ ಕಥೆಯಲ್ಲಿ ಕರ್ನಾಟಕದ ಹೆಸರು ಮೊದಲ ಪುಟದಲ್ಲಿದೆ. 1984ರಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಎಂಬ ಸಂಸ್ಥೆ ಸ್ಥಾಪಿಸಿತು. ಸ್ಯಾಮ್ ಪಿತ್ರೋಡಾ ಅವರು ಅದರ ಹಿಂದೆ ಇದ್ದರು. ಹೊರದೇಶದ ಎಕ್ಸ್‌ಚೇಂಜುಗಳು ನಮ್ಮ ಧೂಳು, ಸೆಕೆಗೆ ತಡೆಯುತ್ತಿರಲಿಲ್ಲ, ಹವಾನಿಯಂತ್ರಣ ಬೇಕಾಗುತ್ತಿತ್ತು. ಆ ಸಂಸ್ಥೆಯ ಇಂಜಿನಿಯರುಗಳು ನಮ್ಮ ಹಳ್ಳಿಯ ಹವೆಗೇ ಹೊಂದುವ ಸಣ್ಣ ಎಕ್ಸ್‌ಚೇಂಜ್ ಮಾಡಿದರು. ಅಂಥ ಮೊದಲನೆಯದು 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಶುರುವಾಯಿತು. ರಾಣಿ ಚೆನ್ನಮ್ಮನ ಕಿತ್ತೂರಿನಲ್ಲೇ. ಆಮೇಲೆ ಎಸ್.ಟಿ.ಡಿ. ಬೂತುಗಳು ಬಂದವು. ಹಳದಿ ಬೋರ್ಡು, ಗಾಜಿನ ಗೂಡು, ಮೀಟರು ಓಡುವುದನ್ನೇ ನೋಡುತ್ತ ಗಡಿಬಿಡಿಯಲ್ಲಿ ಮಾತಾಡುವುದು. ಕಾಲಿಗೆ ಆಸರೆ ಇಲ್ಲದ ಎಷ್ಟೋ ಮಂದಿ ಆ ಬೂತಿನಿಂದ ಅನ್ನ ಕಂಡರು. ಸಂಘ ಶುರುವಾದಾಗ ನಮಗೆ ಇಪ್ಪತ್ತರ ಪ್ರಾಯ. ತುರ್ತು ಫೋನು ಮಾಡಬೇಕೆಂದರೆ ಸೈಕಲ್ ಹತ್ತಿ ನ್ಯಾಮತಿ ಕಡೆ ಹೋಗುತ್ತಿದ್ದೆವು.

ಆಗ ಟೆಲಿಫೋನಿನವರು ಮಾರುತ್ತಿದ್ದುದು ಮಾತು ಒಂದನ್ನೇ. ಈಗ ಹಾಗಲ್ಲ. ನಮ್ಮ ಜೇಬಿನಲ್ಲಿರುವ ಮೊಬೈಲು ಸುಮ್ಮನೆ ಇದ್ದಾಗಲೂ ಹತ್ತಿರದ ಟವರಿಗೆ "ನಾನು ಇಲ್ಲಿದ್ದೇನೆ" ಅಂತ ಹೇಳುತ್ತಲೇ ಇರುತ್ತದೆ. ಹೇಳದಿದ್ದರೆ ನಮಗೆ ಬಂದ ಕರೆಯನ್ನು ಎಲ್ಲಿಗೆ ಕಳಿಸಬೇಕು ಅಂತ ಕಂಪನಿಗೆ ತಿಳಿಯುವುದಿಲ್ಲ. ಹೀಗಾಗಿ ಯಾವ ಟವರಿನ ಕೆಳಗೆ ಎಷ್ಟು ಫೋನು ಇವೆ, ಬೆಳಗ್ಗೆ ಎಲ್ಲಿದ್ದವು, ಸಂಜೆ ಎತ್ತ ಹೋದವು ಎಂಬ ಲೆಕ್ಕ ಕಂಪನಿಯ ಹತ್ತಿರ ತಾನಾಗಿಯೇ ಸೇರುತ್ತದೆ. ಹಾಲಿನ ಸಂಘದ ರಿಜಿಸ್ಟರ್ ನೋಡಿದರೆ ಯಾರ ಮನೆಯ ಹಸು ಯಾವಾಗ ಬತ್ತಿತು ಅಂತ ಗೊತ್ತಾಗುತ್ತದಲ್ಲ, ಹಾಗೆ. ಆದರೆ ಆ ಲೆಕ್ಕದಿಂದ ಊರಿಗೆ ಏನು ಮಾಡಬೇಕು ಅನ್ನುವುದು ಕಂಪನಿಗೆ ಗೊತ್ತಿರುವುದಿಲ್ಲ.

ಇದಕ್ಕೆ ದೂರದ ಒಂದು ಉದಾಹರಣೆ ಕೇಳಿ. ಆಫ್ರಿಕಾ ಖಂಡದಲ್ಲಿ ಐವರಿ ಕೋಸ್ಟ್ ಅಂತ ಒಂದು ದೇಶ. ಕೋಕೋ ಬೆಳೆಯುವ ರೈತರ ದೇಶ. ಅಲ್ಲಿ ಫ್ರಾನ್ಸಿನ ಆರೆಂಜ್ ಎಂಬ ಟೆಲಿಫೋನ್ ಕಂಪನಿ ಇದೆ. 2012ರಲ್ಲಿ ಆ ಕಂಪನಿ ತನ್ನ 50 ಲಕ್ಷ ಗ್ರಾಹಕರ ಸುಮಾರು 250 ಕೋಟಿ ಕರೆ ಮತ್ತು ಸಂದೇಶಗಳ ಲೆಕ್ಕವನ್ನು, ಹೆಸರು ನಂಬರುಗಳನ್ನು ತೆಗೆದುಹಾಕಿ, ಪ್ರಪಂಚದ ಸಂಶೋಧಕರ ಮುಂದೆ ಇಟ್ಟಿತು. "ಇದರಿಂದ ಈ ದೇಶದ ಜನಕ್ಕೆ ಏನು ಉಪಯೋಗ ಮಾಡಬಹುದು, ತೋರಿಸಿ" ಅಂತ ಸ್ಪರ್ಧೆ ಕರೆಯಿತು. ರೋಗ ಹರಡುವ ದಾರಿ ನೋಡಿದವರಿದ್ದರು. ಐ.ಬಿ.ಎಂ. ಕಂಪನಿಯ ಡಬ್ಲಿನ್ ಸಂಶೋಧಕರು ಅಬಿಜಾನ್ ಪಟ್ಟಣದ ಬಸ್ಸುಗಳನ್ನು ಹಿಡಿದರು. ಜನ ಬೆಳಗ್ಗೆ ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಅಂತ ಫೋನಿನ ಲೆಕ್ಕದಲ್ಲಿ ಕಂಡಿತು. ಬಸ್ಸುಗಳು ಓಡುತ್ತಿದ್ದ ದಾರಿಗೂ ಜನ ಹೋಗುವ ದಾರಿಗೂ ತಾಳೆ ಇರಲಿಲ್ಲ. ಕೆಲವು ಮಾರ್ಗಗಳನ್ನು ಸೇರಿಸಿ, ಕೆಲವನ್ನು ಮುಂದಕ್ಕೆ ಬೆಳೆಸಿದರೆ ಜನರ ಪ್ರಯಾಣದ ಹೊತ್ತು ನೂರಕ್ಕೆ ಹತ್ತರಷ್ಟು ಕಡಿಮೆಯಾಗುತ್ತದೆ ಅಂತ ಲೆಕ್ಕ ಹಾಕಿ ತೋರಿಸಿದರು. ಜನ ಗಣತಿ, ಮನೆ ಮನೆ ಸಮೀಕ್ಷೆ ಇಲ್ಲದೆ ಇದು ಆಯಿತು ಎಂಬುದನ್ನು ಗಮನಿಸಬೇಕು.

ಇನ್ನೊಂದು ಸ್ಪೇನ್ ದೇಶದ್ದು. ಅಲ್ಲಿ ಸಂತಾಂದೆರ್ ಅಂತ ಸಮುದ್ರದ ದಂಡೆಯ ಊರು. ನಮ್ಮ ದಾವಣಗೆರೆಗಿಂತ ಬಹಳ ಚಿಕ್ಕದು, ಎರಡು ಲಕ್ಷವೂ ಜನ ಇಲ್ಲ. 2010ರಿಂದ ಅಲ್ಲಿನ ವಿಶ್ವವಿದ್ಯಾಲಯ, ನಗರಸಭೆ, ಟೆಲಿಫೋನಿಕಾ ಎಂಬ ಕಂಪನಿ ಸೇರಿ ಊರಿನ ತುಂಬ ಸುಮಾರು 12,000 ಅಳತೆಯ ಉಪಕರಣ ಇಟ್ಟರು. ಗಾಡಿ ನಿಲ್ಲಿಸುವ ಜಾಗ ಎಲ್ಲಿ ಖಾಲಿ ಇದೆ, ಯಾವ ಕಡೆ ಗಲಾಟೆ ಹೆಚ್ಚು, ಪಾರ್ಕಿನ ಮಣ್ಣಿಗೆ ನೀರು ಬೇಕೋ ಬೇಡವೋ, ಎಲ್ಲ ಅಳೆಯುವುದು. ಅದರ ಜೊತೆಗೆ ಜನರ ಕೈಯಲ್ಲಿರುವ ಫೋನನ್ನೂ ಸೇರಿಸಿಕೊಂಡರು. ರಸ್ತೆ ಕಿತ್ತು ಹೋಗಿದ್ದರೆ, ದೀಪ ಉರಿಯದಿದ್ದರೆ ಜನ ಫೋಟೋ ತೆಗೆದು ಕಳಿಸುವುದು. ಉಪಕರಣ ಎಷ್ಟೇ ಇದ್ದರೂ ಚರಂಡಿ ನಾತ ಹೊಡೆಯುತ್ತದೆ ಅಂತ ಹೇಳಲು ಮೂಗು ಇರುವ ಮನುಷ್ಯನೇ ಬೇಕು.

ನಮ್ಮ ದೇಶದಲ್ಲೂ ಇದು ಬಂದಿದೆ. ಸ್ಮಾರ್ಟ್ ಸಿಟಿ ಯೋಜನೆ 2015ರ ಜೂನ್ 25ರಂದು ಶುರುವಾಯಿತು. ನೂರು ನಗರಗಳ ಗುರಿ. 2016ರ ಜನವರಿಯಲ್ಲಿ ಮೊದಲ ಪಟ್ಟಿ ಬಂದಾಗ ಇಡೀ ದೇಶದಲ್ಲಿ 20 ನಗರ ಆಯ್ಕೆಯಾದವು. ನಮ್ಮ ರಾಜ್ಯದಿಂದ ಎರಡೇ, ಒಂದು ಬೆಳಗಾವಿ, ಇನ್ನೊಂದು ನಮ್ಮ ಜಿಲ್ಲಾ ಕೇಂದ್ರ ದಾವಣಗೆರೆ. ಪಕ್ಕದ ಶಿವಮೊಗ್ಗ ಅದೇ ವರ್ಷ ಮುಂದಿನ ಪಟ್ಟಿಯಲ್ಲಿ ಬಂತು. ಆಯ್ಕೆಗೆ ಮೊದಲು ನಗರದವರು ಜನರ ಅಭಿಪ್ರಾಯ ಕೇಳಲೇಬೇಕು ಅಂತ ನಿಯಮ ಇತ್ತು. ಮೈ ಗವ್ ಎಂಬ ಸರ್ಕಾರಿ ವ್ಯವಸ್ಥೆಯ ಮೂಲಕವೂ ಕೇಳಿದರು. ದಾವಣಗೆರೆಯ ಯೋಜನೆಯಲ್ಲಿ ಮಂಡಕ್ಕಿ ಭಟ್ಟಿ ಪ್ರದೇಶದ ಅಭಿವೃದ್ಧಿಯೂ ಸೇರಿತ್ತು. ಮಂಡಕ್ಕಿ ಭಟ್ಟಿಯ ಹೊಗೆ ಏನು ಅಂತ ದೆಹಲಿಯಲ್ಲಿ ಕೂತವರಿಗೆ ಗೊತ್ತಿರುತ್ತದೆಯೇ? ಆ ಹೊಗೆ ಕುಡಿದವರು, ಆ ಮಂಡಕ್ಕಿ ತಿಂದವರು ಹೇಳಿದರೆ ಮಾತ್ರ ಕಾಗದದ ಮೇಲೆ ಬರುವ ವಿಷಯ ಅದು. ಆ ಯೋಜನೆ 2025ರ ಮಾರ್ಚ್ 31ಕ್ಕೆ ಮುಗಿಯಿತು. ಏನು ಒಳ್ಳೆಯದಾಯಿತು, ಏನು ಅರ್ಧಕ್ಕೆ ನಿಂತಿತು ಅನ್ನುವುದನ್ನು ಆ ಊರಿನವರು ಹೇಳಲಿ. ಜನರನ್ನು ಕೇಳಿ ಶುರು ಮಾಡಬೇಕು ಎಂಬ ಪಾಠ ಮಾತ್ರ ನಮಗೆ ಉಳಿಯಬೇಕು.

"ಅದೆಲ್ಲ ನಗರದ ಮಾತು, ನಮಗೇನು?" ಅಂತ ಕೆಲವರು ಕೇಳಬಹುದು. ಅದಕ್ಕೇ ಈಗ ನಾಸಿಕ್ ಕಥೆ ಹೇಳುತ್ತೇವೆ. ಇದು ನಮ್ಮ ಊರಿಗೆ ಬಹಳ ಹತ್ತಿರದ್ದು.

ಮಹಾರಾಷ್ಟ್ರದ ನಾಸಿಕ್‌ನಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಕುಂಭಮೇಳ. 2003ರ ಮೇಳದಲ್ಲಿ ನೂಕುನುಗ್ಗಲಾಗಿ 39 ಜನ ಸತ್ತರು. ಮುಂದಿನ ಮೇಳ 2015ಕ್ಕೆ ಇತ್ತು. ಅದಕ್ಕೆ ಮೊದಲೇ, 2014ರಿಂದ, ಅಮೆರಿಕದ ಎಂ.ಐ.ಟಿ. ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರಮೇಶ್ ರಾಸ್ಕರ್ ಅವರು ಕುಂಭಥಾನ್ ಎಂಬ ಕೆಲಸ ಶುರು ಮಾಡಿದರು. ರಾಸ್ಕರ್ ಹುಟ್ಟೂರು ನಾಸಿಕ್ಕೇ. ಕಾಲೇಜು ಹುಡುಗರು, ಡಾಕ್ಟರುಗಳು, ಅಧಿಕಾರಿಗಳು, ಕಂಪನಿಯವರು ಎಲ್ಲರನ್ನೂ ಒಂದು ಕಡೆ ಸೇರಿಸಿ, "ಮೇಳಕ್ಕೆ ಬರುವ ಜನಕ್ಕೆ ಏನೇನು ತೊಂದರೆ? ಅದಕ್ಕೆ ನೀವೇ ದಾರಿ ಹುಡುಕಿ" ಅಂದರು. ಟೆಲಿಫೋನ್ ಕಂಪನಿಗಳ ಟವರಿನ ಲೆಕ್ಕದಿಂದ ಜನ ಎಲ್ಲಿ ದಟ್ಟವಾಗುತ್ತಿದ್ದಾರೆ ಅಂತ ನೋಡುವ ಕೆಲಸ ಒಂದು ಗುಂಪಿನದು. ಊಟ ಹಾಕುವವರನ್ನೂ ಹಸಿದವರನ್ನೂ ಮೊಬೈಲಿನಲ್ಲಿ ಜೋಡಿಸುವುದು ಇನ್ನೊಂದು ಗುಂಪಿನದು. ನಾಸಿಕ್‌ನ ಹದಿಹರೆಯದ ಹುಡುಗನೊಬ್ಬ ಗೆಳೆಯರ ಜೊತೆ ಸೇರಿ ಒಂದು ಚಾಪೆ ಮಾಡಿದ. ದಾರಿಗೆ ಅಡ್ಡ ಹಾಸಿದರೆ ಸಾಕು, ತುಳಿದ ಹೆಜ್ಜೆಗಳನ್ನು ಎಣಿಸಿ, ಎಷ್ಟು ಜನ ದಾಟಿದರು ಅಂತ ಹೇಳುತ್ತದೆ. 2015ರ ಮೇಳದಲ್ಲಿ ಅದು 18 ಗಂಟೆಯಲ್ಲಿ ಐದು ಲಕ್ಷ ಜನರನ್ನು ಎಣಿಸಿತು. ಆ ವರ್ಷ 2003ರಂಥ ದುರಂತ ಆಗಲಿಲ್ಲ. ಪೊಲೀಸರ ಬಂದೋಬಸ್ತು, ಸ್ವಯಂಸೇವಕರ ದುಡಿಮೆ ಎಲ್ಲವೂ ಅದರಲ್ಲಿದೆ, ಚಾಪೆ ಒಂದೇ ಕಾರಣ ಅಂತ ನಾವು ಹೇಳುವುದಿಲ್ಲ. ಆದರೆ ಆ ಹುಡುಗನನ್ನು ಯಾರೂ ಕೇಳದೇ ಇದ್ದಿದ್ದರೆ ಆ ಚಾಪೆ ಹುಟ್ಟುತ್ತಿರಲಿಲ್ಲ.

ಈಗ ನಮ್ಮ ಜಾತ್ರೆಗೆ ಬನ್ನಿ. ವರ್ಷದಲ್ಲಿ ಮುನ್ನೂರ ಅರವತ್ತೆರಡು ದಿನ ನಮ್ಮದು ಹಳ್ಳಿ, ಉಳಿದ ಮೂರು ದಿನ ದೊಡ್ಡ ನಗರ. ನಗರಕ್ಕೆ ಇರುವ ಕಷ್ಟವೆಲ್ಲ ಆ ಮೂರು ದಿನ ನಮಗೆ ಇರುತ್ತದೆ. ಕುಡಿಯುವ ನೀರು, ಗಾಡಿ ನಿಲ್ಲಿಸುವ ಜಾಗ, ಶೌಚಾಲಯ, ಬಸ್ಸು, ಕಳೆದುಹೋದ ಮಕ್ಕಳು. ನಗರಕ್ಕೆ ಇರುವ ಟವರು ಮಾತ್ರ ಇರುವುದಿಲ್ಲ. ಹಳ್ಳಿಗೆ ಅಂತ ಹಾಕಿದ ಟವರಿನ ಮೇಲೆ ನಗರದಷ್ಟು ಜನ ಬಿದ್ದರೆ ಅದು ಏನು ಮಾಡೀತು? ನಲವತ್ತು ಲೀಟರಿನ ಕ್ಯಾನಿಗೆ ನಾನೂರು ಲೀಟರ್ ಸುರಿದ ಹಾಗೆ.

ಕೆಲವು ವರ್ಷದ ಹಿಂದೆ ಜಾತ್ರೆಯ ಮುಖ್ಯ ದಿನ ಮಧ್ಯಾಹ್ನ ಒಬ್ಬ ಅಜ್ಜಿಯನ್ನು ನಮ್ಮ ಸಂಘದ ಕಟ್ಟಡಕ್ಕೆ ಯಾರೋ ಕರೆತಂದು ಕೂರಿಸಿದರು. ಮಹಾರಾಷ್ಟ್ರ ಕಡೆಯವರು. ಜೊತೆಯವರು ತಪ್ಪಿಹೋಗಿದ್ದರು. ಕನ್ನಡ ಬರುವುದಿಲ್ಲ. ತಾಂಡಾದ ನಮ್ಮ ಸದಸ್ಯರೊಬ್ಬರು "ಯಾಡಿ, ಹೆದರಬೇಡ" ಅಂತ ಅವರ ಮಾತಿನಲ್ಲೇ ಸಮಾಧಾನ ಹೇಳಿದರು. ಅಜ್ಜಿಯ ಸಂಚಿಯಲ್ಲಿ ಒಂದು ಚೀಟಿ, ಅದರಲ್ಲಿ ಮೊಮ್ಮಗನ ನಂಬರು. ನಾವು ಕರೆ ಮಾಡಿದೆವು, ಹೋಗಲಿಲ್ಲ. ಕಾರ್ಯದರ್ಶಿ ಮಾಡಿದರು, ಹೋಗಲಿಲ್ಲ. ಮೂರು ಕಂಪನಿಯ ಸಿಮ್ಮಿನಿಂದ ಮಾಡಿದೆವು. ಮಹಡಿ ಹತ್ತಿ ಮಾಡಿದೆವು. ಹಿಂದೆ ಸಂಘದಲ್ಲಿ ತಂತಿಯ ಫೋನು ಇತ್ತು, ಯಾರೂ ಬಳಸುವುದಿಲ್ಲ, ಬಿಲ್ಲು ಯಾಕೆ ದಂಡ ಅಂತ ನಾವೇ ತೆಗೆಸಿದ್ದೆವು. ಆ ಹೊತ್ತಿನಲ್ಲಿ ಅದು ನೆನಪಾಗಿ ನಮ್ಮ ಮೇಲೆ ನಮಗೇ ಸಿಟ್ಟು ಬಂತು. ಅಜ್ಜಿಗೆ ಒಂದು ಲೋಟ ಹಾಲು ಕಾಯಿಸಿ ಕೊಟ್ಟರೆ ಕೈಯಲ್ಲಿ ಹಿಡಿದುಕೊಂಡು ಕೂತರೇ ಹೊರತು ಕುಡಿಯಲಿಲ್ಲ. ಹೊತ್ತು ಮುಳುಗುವ ತನಕ ಹೀಗೇ.

ಆಗ ಹಾಲು ಹಾಕಲು ಬಂದ ಪಿ.ಯು.ಸಿ. ಓದುವ ಒಬ್ಬ ಹುಡುಗ, "ಅಣ್ಣಾ, ಕಾಲ್ ಮಾಡಬ್ಯಾಡ್ರಿ, ಮೆಸೇಜು ಹಾಕ್ರಿ. ಕಾಲಿಗೆ ಜಾಗ ಇಲ್ಲದಿದ್ರೂ ಮೆಸೇಜು ಕಾದು ನಿಂತು ಹೋಗ್ತದೆ" ಅಂದ. ಹಿಂದಿಯಲ್ಲಿ ಎರಡು ಸಾಲು ಅವನೇ ಬರೆದು ಕಳಿಸಿದ. ಅರ್ಧ ಗಂಟೆಯ ಮೇಲೆ ಅದು ತಲುಪಿತು. ಇನ್ನರ್ಧ ಗಂಟೆಗೆ ಮೊಮ್ಮಗ ಬೆವರು ಸುರಿಸುತ್ತ ಓಡಿ ಬಂದ. ಅಜ್ಜಿ ಅವನಿಗೆ ಎರಡು ಪೆಟ್ಟು ಕೊಟ್ಟು, ಆಮೇಲೆ ಆರಿದ ಹಾಲು ಕುಡಿದರು.

ಅವತ್ತು ರಾತ್ರಿ ನಮಗೆ ನಿದ್ದೆ ಬರಲಿಲ್ಲ. ನಾವು ಐದು ಗಂಟೆ ಒದ್ದಾಡಿದ್ದು ಆ ಹುಡುಗನಿಗೆ ಐದು ನಿಮಿಷದ ಕೆಲಸ. ಅವನು ದಿನಾ ಎರಡು ಹೊತ್ತು ಸಂಘಕ್ಕೆ ಬರುತ್ತಾನೆ. ಅವನನ್ನು ಕೇಳಬೇಕು ಅಂತ ನಮಗೆ ಹೊಳೆದಿರಲಿಲ್ಲ. ಟೆಲಿಫೋನ್ ಕಂಪನಿ ನಮ್ಮನ್ನು ಕೇಳುವುದಿಲ್ಲ ಅಂತ ದೂರುತ್ತೇವೆ. ನಾವು ನಮ್ಮ ಹುಡುಗರನ್ನು ಕೇಳುತ್ತೇವೆಯೇ? ಮುಂದಿನ ಜಾತ್ರೆಗೆ ಸಂಘದ ಗೋಡೆಯ ಮೇಲೆ ಒಂದು ಬೋರ್ಡು ಬರೆಸಿದೆವು: "ಕರೆ ಹೋಗದಿದ್ದರೆ ಸಂದೇಶ ಕಳಿಸಿ." ಕನ್ನಡ, ಮರಾಠಿ, ತೆಲುಗು, ಹಿಂದಿ ನಾಲ್ಕರಲ್ಲೂ. ಖರ್ಚು ಬಣ್ಣದ್ದು ಮಾತ್ರ.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳಬೇಕು. ಇಲ್ಲದಿದ್ದರೆ ಕಂಪನಿಯ ಏಜೆಂಟರ ಹಾಗೆ ಮಾತಾಡಿದೆವು ಅಂತ ನೀವು ಅಂದುಕೊಳ್ಳುತ್ತೀರಿ.

ಮೊದಲನೆಯದು, ಕಂಪನಿ ಧರ್ಮಛತ್ರ ಅಲ್ಲ. ಜನರಿಂದ ಯೋಚನೆ ಪುಕ್ಕಟೆ ತೆಗೆದುಕೊಂಡು, ಅದನ್ನೇ ಸೇವೆ ಮಾಡಿ ಜನರಿಗೇ ಮಾರುವುದಕ್ಕೆ ಎಷ್ಟು ಹೊತ್ತು ಬೇಕು? ನಮ್ಮ ಸಂಘದಲ್ಲಿ ಹಾಲು ಹಾಕಿದವರಿಗೆ ಹಾಕಿದಷ್ಟಕ್ಕೆ ಬೋನಸ್ ಉಂಟು. ಲಾಭ ಬಂದರೆ ಹಂಚುತ್ತೇವೆ, ಲೆಕ್ಕ ಓದುತ್ತೇವೆ. ಯೋಚನೆ ಹಾಕಿದವರಿಗೆ ಬೋನಸ್ ಏನು ಅಂತ ಕೇಳುವ ಹಕ್ಕು ಜನಕ್ಕೆ ಇರಬೇಕು. ದುಡ್ಡೇ ಕೊಡಬೇಕು ಅಂತಿಲ್ಲ. ಜಾತ್ರೆಯ ಮೂರು ದಿನ ತಾತ್ಕಾಲಿಕ ಟವರು ಕೊಡಲಿ, ಸಾಕು.

ಎರಡನೆಯದು, ಗುಟ್ಟು. ನಾವು ಯಾವಾಗ ಎಲ್ಲಿದ್ದೆವು ಎಂಬ ಲೆಕ್ಕ ನಮ್ಮ ಸ್ವಂತದ್ದು. ಹೆಸರು ತೆಗೆದು ಕೊಟ್ಟರೂ ಚಿಕ್ಕ ಊರಿನಲ್ಲಿ ಯಾರು ಅಂತ ಊಹಿಸುವುದು ಕಷ್ಟವಲ್ಲ. ಒಂಟಿ ಮನೆಯ ಹತ್ತಿರದ ಫೋನು ರಾತ್ರಿ ಎಲ್ಲಿರುತ್ತದೆ ಅಂದರೆ ಅದು ಯಾರದು ಅಂತ ಊರಿಗೆಲ್ಲ ಗೊತ್ತು. 2023ರಲ್ಲಿ ಕೇಂದ್ರ ಸರ್ಕಾರ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾಯ್ದೆ ಮಾಡಿದೆ. ಕಾಯ್ದೆ ಇದೆ ಅಂತ ತಿಳಿದಿರುವುದು ನಮ್ಮ ಕೆಲಸ. ಯಾರೋ ಕೇಳಿದರು ಅಂತ ಎಲ್ಲದಕ್ಕೂ ಹೆಬ್ಬೆಟ್ಟು, ಎಲ್ಲದಕ್ಕೂ ಓ.ಟಿ.ಪಿ. ಕೊಡುವುದನ್ನು ಬಿಡಬೇಕು.

ಮೂರನೆಯದು, ಫೋನು ಇಲ್ಲದವರ ಲೆಕ್ಕ ಫೋನಿನಲ್ಲಿ ಬರುವುದಿಲ್ಲ. ಆ ಅಜ್ಜಿಯ ಕೈಯಲ್ಲಿ ಫೋನು ಇರಲಿಲ್ಲ. ಟವರಿನ ಲೆಕ್ಕದಲ್ಲಿ ಅಜ್ಜಿ ಜಾತ್ರೆಗೇ ಬಂದಿಲ್ಲ. ಮನೆಗೊಂದೇ ಫೋನು ಇದ್ದು ಅದು ಗಂಡಸರ ಜೇಬಿನಲ್ಲಿದ್ದರೆ ಹೆಂಗಸರು ಆ ಲೆಕ್ಕದಲ್ಲಿ ಇಲ್ಲ. ನಮ್ಮ ಸಂಘದಲ್ಲಿ ಒಬ್ಬ ಸದಸ್ಯನಿಗೆ ಒಂದೇ ಮತ, ಹತ್ತು ಲೀಟರ್ ಹಾಕುವವರಿಗೂ ಅಷ್ಟೇ, ಒಂದು ಲೀಟರ್ ಹಾಕುವವರಿಗೂ ಅಷ್ಟೇ. ಜನರನ್ನು ಕೇಳುವುದು ಅಂದರೆ ಹಾಗೆ ಕೇಳಬೇಕು.

ನಮ್ಮ ರೈತರಿಗೆ ಇದರ ಅನುಭವ ಆಗಲೇ ಆಗಿದೆ. 2020ರಲ್ಲಿ ರಾಜ್ಯ ಸರ್ಕಾರ ಬೆಳೆ ಸಮೀಕ್ಷೆಯನ್ನು ರೈತರ ಕೈಗೇ ಕೊಟ್ಟಿತು. ನಮ್ಮ ಹೊಲದಲ್ಲಿ ನಾವೇ ನಿಂತು ಮೊಬೈಲಿನಲ್ಲಿ ಬೆಳೆಯ ಫೋಟೋ ತೆಗೆದು ಕಳಿಸುವುದು. ವಿಮೆ, ಬೆಂಬಲ ಬೆಲೆ, ಬೆಳೆ ಹಾನಿ ಪರಿಹಾರಕ್ಕೆಲ್ಲ ಆ ದಾಖಲೆ ಬೇಕು. ನಮಗೆ ಅದು ಒಪ್ಪಿಗೆಯಾಯಿತು, ನಮ್ಮ ಹೊಲ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಒಂದು ವರ್ಷ ನಾವು ಕೆಲಸದ ಗಡಿಬಿಡಿಯಲ್ಲಿ ಫೋನನ್ನು ಪರಿಚಯದ ಹುಡುಗನ ಕೈಗೆ ಕೊಟ್ಟು, "ನಮ್ಮದೂ ಒಂದು ತೆಗೆದು ಹಾಕಪ್ಪ" ಅಂದೆವು. ಅವನು ಬದುವಿನ ಆಚೆ ನಿಂತು ಪಕ್ಕದವರ ಅಡಿಕೆ ಸಸಿ ತೆಗೆದು ಹಾಕಿದ. ದಾಖಲೆಯಲ್ಲಿ ನಮ್ಮ ಮೆಕ್ಕೆಜೋಳ ಅಡಿಕೆಯಾಯಿತು. ಅದನ್ನು ಸರಿ ಮಾಡಿಸಲು ಓಡಾಡಿದ ಓಡಾಟ ನಮಗೆ ಗೊತ್ತು. ತಪ್ಪು ನಮ್ಮದೇ. ಕೇಳಿದಾಗ ಹೇಳಬೇಕಾದವರು ನಾವು, ಬೇರೆಯವರ ಬಾಯಲ್ಲಿ ಹೇಳಿಸಿದೆವು. ಕೇಳುವವರಿಗೆ ಎಷ್ಟು ಜವಾಬ್ದಾರಿ ಇದೆಯೋ ಹೇಳುವವರಿಗೂ ಅಷ್ಟೇ ಇದೆ.

ಹಾಗಾದರೆ ನಾವು ಏನು ಮಾಡಬಹುದು? ಬರಿ ಮಾತಾಡಿ ಇಳಿದರೆ ಪ್ರಯೋಜನ ಇಲ್ಲ. ಸಭೆಯ ಮುಂದೆ ನಾಲ್ಕು ಸಲಹೆ ಇಡುತ್ತೇವೆ.

ಒಂದು, ಸಂಘದಲ್ಲಿ ಒಂದು ಸಲಹೆ ಪುಸ್ತಕ ಇಡೋಣ. ಹಾಲು ಅಳೆಯುವ ಮೇಜಿನ ಪಕ್ಕದಲ್ಲೇ ಇರಲಿ. ಬರೆಯಲು ಬಾರದವರು ಹೇಳಲಿ, ಹಾಲು ಪರೀಕ್ಷಕರೋ ಶಾಲೆಯ ಮಕ್ಕಳೋ ಬರೆದುಕೊಳ್ಳಲಿ. ತಿಂಗಳಿಗೊಮ್ಮೆ ಆಡಳಿತ ಮಂಡಳಿಯಲ್ಲಿ ಓದಬೇಕು. ಯಾವುದು ಮಾಡಿದೆವು, ಯಾವುದು ಯಾಕೆ ಆಗಲಿಲ್ಲ ಅಂತ ಅದೇ ಪುಸ್ತಕದಲ್ಲಿ ಬರೆಯಬೇಕು. ಉತ್ತರ ಬಾರದ ಪುಸ್ತಕದಲ್ಲಿ ಎರಡನೇ ಸಲ ಯಾರೂ ಬರೆಯುವುದಿಲ್ಲ.

ಎರಡು, ಜಾತ್ರೆಗೆ ಮೂರು ತಿಂಗಳು ಇರುವಾಗಲೇ ಊರಿನ ಮತ್ತು ತಾಂಡಾದ ಹುಡುಗರನ್ನು ಒಂದು ದಿನ ಸಂಘದಲ್ಲಿ ಕೂರಿಸೋಣ. ಯಾವ ಮೂಲೆಯಲ್ಲಿ ಫೋನು ಹಿಡಿಯುವುದಿಲ್ಲ, ಯಾವ ಹೊತ್ತಿನಲ್ಲಿ ಕರೆ ನಿಲ್ಲುತ್ತದೆ, ಜನ ಎಲ್ಲಿ ದಟ್ಟವಾಗುತ್ತಾರೆ ಅಂತ ಊರಿನ ನಕ್ಷೆಯ ಮೇಲೆ ಅವರೇ ಗುರುತು ಹಾಕಲಿ. ಆ ನಕ್ಷೆಯನ್ನು ಪಂಚಾಯ್ತಿಗೂ, ತಹಸೀಲ್ದಾರರಿಗೂ, ಟೆಲಿಫೋನ್ ಕಂಪನಿಗಳಿಗೂ ಸಂಘದ ಮೊಹರು ಹಾಕಿ ಕಳಿಸೋಣ. "ನೆಟ್‌ವರ್ಕ್ ಸರಿ ಇಲ್ಲ" ಅಂತ ಬರೆದ ಅರ್ಜಿಗೂ, ಇಂಥ ಜಾಗ ಇಂಥ ಹೊತ್ತು ಅಂತ ಗುರುತು ಹಾಕಿದ ನಕ್ಷೆಗೂ ಬಹಳ ವ್ಯತ್ಯಾಸ ಇದೆ.

ಮೂರು, 2020ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಪಿ.ಎಂ. ವಾಣಿ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಹಿಂದಿನ ಎಸ್.ಟಿ.ಡಿ. ಬೂತಿನ ಹಾಗೆ, ಸಣ್ಣ ಅಂಗಡಿಯವರೂ ಲೈಸೆನ್ಸ್ ಇಲ್ಲದೆ ವೈಫೈ ಕೊಡಬಹುದು. ನಮ್ಮ ಸಂಘದ ಕಟ್ಟಡದಲ್ಲಿ ಇದು ಸಾಧ್ಯವೇ, ಖರ್ಚು ಎಷ್ಟು, ಆದಾಯ ಎಷ್ಟು ಅಂತ ವಿಚಾರಿಸಿ ಮುಂದಿನ ಸರ್ವಸದಸ್ಯರ ಸಭೆಗೆ ತರುತ್ತೇವೆ. ಬೇಡ ಅಂದರೆ ಬೇಡ.

ನಾಲ್ಕು, ಸಂಘಕ್ಕೆ ತಂತಿಯ ಫೋನನ್ನು ಮತ್ತೆ ಹಾಕಿಸೋಣ. ಇದನ್ನು ತೆಗೆಸಿದವರಲ್ಲಿ ನಾವೂ ಒಬ್ಬರು, ಆದ್ದರಿಂದ ಹಾಕಿಸಿ ಅಂತ ಕೇಳುವುದೂ ನಾವೇ.

ಸದಸ್ಯ ಬಾಂಧವರೇ, ಇಪ್ಪತ್ತೈದು ವರ್ಷದ ಹಿಂದೆ ಸಂಘ ಶುರುವಾದ ದಿನ ನಮ್ಮ ತಂದೆ ಒಂದು ಚೊಂಬಿನಲ್ಲಿ ಹಾಲು ತಂದಿದ್ದರು. ಕ್ಯಾನಿನ ತಳವೂ ಮುಚ್ಚುವುದಿಲ್ಲ ಅಂತ ಯಾರೋ ನಕ್ಕರಂತೆ. ಹನಿಗೂಡಿದರೆ ಹಳ್ಳ ಅಂತ 25 ವರ್ಷದಲ್ಲಿ ನಾವು ಕಣ್ಣಾರೆ ಕಂಡಿದ್ದೇವೆ. ಹಾಲಿನಲ್ಲಿ ಮಾಡಿದ್ದನ್ನು ಈಗ ಯೋಚನೆಯಲ್ಲೂ ಮಾಡಬೇಕು. ಹಿಂದಿನ ಸಾಲಿನ ತಾಯಿ, ಹಾಲು ಹಾಕಲು ಬರುವ ಹುಡುಗ, ಅವರ ಹತ್ತಿರ ಇರುವುದು ಒಂದೊಂದು ಚೊಂಬು. ಅದನ್ನು ಸುರಿಯಲು ಕ್ಯಾನು ಇಡುವುದು ಸಂಘದ ಕೆಲಸ. ಆ ಕ್ಯಾನು ನಮ್ಮಲ್ಲಿ ತುಂಬಿದ್ದರೆ ನಾಳೆ ಸರ್ಕಾರವೋ ಕಂಪನಿಯೋ ಬಂದು ಕೇಳಿದಾಗ ನಾವು ಬರಿಗೈಯಲ್ಲಿ ನಿಲ್ಲುವುದಿಲ್ಲ, ನಮ್ಮ ದರವನ್ನೂ ನಾವೇ ಹೇಳಬಹುದು.

ತಪ್ಪಿದ್ದರೆ ತಿದ್ದಿ.  

ಜೈ ಸಹಕಾರ. ಜೈ ಕರ್ನಾಟಕ. ಜೈ ಹಿಂದ್.